ಹೊಂಡದ ತಳ ಬಿಗಿಗೊಳಿಸುವ ಪರಿಸರಸ್ನೇಹಿ ವಿಧಾನಗಳು: ಮಾಗಡಿ ಸುತ್ತಲಿನ ಗ್ರಾಮಗಳನ್ನು ಮುಂದಿಟ್ಟುಕೊಂಡು ಒಂದು ಅಭ್ಯಾಸ ಲೇಖನ

ಗದಗ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 600 ಮಿ.ಮೀ. ಆಸುಪಾಸಿನದು. ಅದರ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ದೊಡ್ಡ ಮಳೆಗಳಲ್ಲಿ ಬಂದು ಹೋಗುತ್ತದೆ. ಹೀಗಿರುವಲ್ಲಿ ಹೊಂಡ ತೋಡುವುದು ಅರ್ಧ ಕೆಲಸ ಮಾತ್ರ. ತುಂಬಿದ ನೀರು ಹಿಂಗಾರಿ ಪೈರಿಗೆ ಬೇಕಾಗುವ ದಿನದವರೆಗೆ ನಿಲ್ಲುವಂತೆ ಮಾಡುವುದು ಉಳಿದರ್ಧ. ಕೃಷಿ ಹೊಂಡ, ದನಕರುಗಳ ನೀರಿನ ಹೊಂಡ, ಶಾಲೆಯ ಕೈತೋಟದ ಕೊಳ, ಊರಿನ ಉದ್ಯಾನದ ಕೊಳ ಇವುಗಳ ಕಾಮಗಾರಿ ಪ್ರಸ್ತಾವನೆಗಳು ಗ್ರಾಮ ಪಂಚಾಯತಿಯ ಮುಂದೆ ಬಂದಾಗ ಉದ್ದ, ಅಗಲ, ಆಳಗಳ ಚರ್ಚೆ ನಡೆಯುತ್ತದೆ. ತಳದ ಚರ್ಚೆ ಅಪರೂಪ. ಅಂದಾಜು ಪಟ್ಟಿಯಲ್ಲಿ ಪಾಲಿಥೀನ್ ಹಾಳೆ ಎಂದು ಒಂದು ಸಾಲು ಸೇರಿದರೆ ವಿಷಯ ಮುಗಿಯಿತೆಂದು ಭಾವಿಸಲಾಗುತ್ತದೆ. ಆ ಒಂದು ಸಾಲಿನ ಬದಲು ಬೇರೇನು ಬರೆಯಬಹುದು ಎಂಬುದೇ ಈ ಪಾಠದ ವಿಷಯ.

ಶಿರಹಟ್ಟಿ ತಾಲ್ಲೂಕಿನ ಮಾಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ನೀರಾವರಿಗಾಗಿ ಮಳೆನೀರು ಸಂಗ್ರಹಿಸಲು ಹಿಂದಿನವರು ಕಟ್ಟಿದ ಇಲ್ಲಿನ ಕೆರೆಯು 2024ರ ಆರಂಭದಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಮತ್ತು ಅಘನಾಶಿನಿ ಅಳಿವೆ ಅದೇ ವೇಳೆ ಆ ಪಟ್ಟಿ ಸೇರಿದ ಕರ್ನಾಟಕದ ಇನ್ನೆರಡು ತಾಣಗಳು. ಸುಮಾರು 50 ಹೆಕ್ಟೇರಿನ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಅವು ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆದ್ದರಿಂದ ಆ ಹೊಲಗಳಲ್ಲಿ ತೋಡುವ ಹೊಂಡಗಳಿಗೆ ಏನನ್ನು ಹಾಸಲಾಗುತ್ತದೆ, ಹರಿದ ಹಾಳೆ ಎಲ್ಲಿ ಸೇರುತ್ತದೆ ಎಂಬ ಪ್ರಶ್ನೆಗಳು ಹೊಲದ ಬದುವಿಗೆ ಮುಗಿಯುವುದಿಲ್ಲ.

ಯಾವುದನ್ನು ಬಿಗಿಗೊಳಿಸಬೇಕು, ಯಾವುದನ್ನು ಬಿಗಿಗೊಳಿಸಬಾರದು

ಮೊದಲು ಸದಸ್ಯರು ನಿರ್ಣಯಿಸಬೇಕಾದುದು ಇದು. ಇಂಗು ಕೆರೆ, ಇಂಗು ಗುಂಡಿ, ಹಳ್ಳದ ಚೆಕ್‌ಡ್ಯಾಂ ಇವುಗಳ ಉದ್ದೇಶವೇ ನೀರನ್ನು ಭೂಮಿಯೊಳಕ್ಕೆ ಇಳಿಸುವುದು; ಅವುಗಳ ತಳವನ್ನು ಮುಚ್ಚಿದರೆ ಕೆಳಗಿನ ಬಾವಿ, ಕೊಳವೆಬಾವಿಗಳು ಬತ್ತುತ್ತವೆ. ಊರ ಕೆರೆಗೂ ಬಹುಮಟ್ಟಿಗೆ ಇದೇ ಮಾತು ಸಲ್ಲುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಮೆಟ್ಟಿಲ ಬಾವಿಗಳನ್ನು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ: ಅವುಗಳ ಕಲ್ಲುಕಟ್ಟಡ ಮಣ್ಣು ಕುಸಿಯದಂತೆ ತಡೆಯುತ್ತದೆ, ಅಂತರ್ಜಲ ಒಳಬರುವುದನ್ನು ತಡೆಯುವುದಿಲ್ಲ. ಅಂಥ ಹಳೆಯ ಬಾವಿಗಳ ಜೀರ್ಣೋದ್ಧಾರದ ಹೆಸರಿನಲ್ಲಿ ತಳಕ್ಕೆ ಕಾಂಕ್ರೀಟ್ ಸುರಿದರೆ ಬಾವಿಯು ಬರಿಯ ತೊಟ್ಟಿಯಾಗಿ ಉಳಿಯುತ್ತದೆ.

ಬಿಗಿಗೊಳಿಸಬೇಕಾದವು ಬೇರೆ ಜಾತಿಯವು. ಒಬ್ಬ ರೈತನ ಬೆಳೆಗೆ ಒಂದೆರಡು ರಕ್ಷಣಾ ನೀರಾವರಿ ಕೊಡಬೇಕಾದ ಹೊಂಡ, ಬೇಸಿಗೆಯಲ್ಲಿ ದನಗಳು ಕುಡಿಯಬೇಕಾದ ಹೊಂಡ, ಮೀನು ಸಾಕುವ ಹೊಂಡ, ಉದ್ಯಾನದ ಕೊಳ ಇವುಗಳಲ್ಲಿ ನೀರು ಇದ್ದಲ್ಲಿಯೇ ಇರಬೇಕು.

ಅಳೆದ ಮೇಲೆ ಮಾತು

ಹೊಂಡದ ನೀರು ಇಳಿಯಿತೆಂದರೆ ಅದೆಲ್ಲವೂ ಸೋರಿಕೆಯಲ್ಲ. ಬಿಸಿಲು, ಗಾಳಿಗಳಿಗೆ ಆವಿಯಾಗುವ ಪಾಲು ದೊಡ್ಡದು. ಗದಗ ಸೀಮೆಯ ಗಾಳಿಯ ಪರಿಚಯವಿದ್ದವರಿಗೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ, ಇದನ್ನು ವಿವರಿಸಬೇಕಿಲ್ಲ. ಆವಿಯಾಗುವ ನೀರನ್ನು ತಳದ ಯಾವ ಲೇಪವೂ ತಡೆಯಲಾರದು. ಆದ್ದರಿಂದ ಎರಡನ್ನೂ ಬೇರ್ಪಡಿಸಿ ಅಳೆಯುವ ಸರಳ ಪರೀಕ್ಷೆಯನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಲೇಸು.

ಒಂದು ಬಕೆಟ್‌ಗೆ ಹೊಂಡದ ನೀರನ್ನೇ ತುಂಬಿ, ಅದು ತೇಲದಂತೆ ಕಲ್ಲನ್ನಿಟ್ಟು, ಹೊಂಡದ ಅಂಚಿನ ಆಳವಿಲ್ಲದ ಕಡೆ ಅರ್ಧಕ್ಕಿಂತ ಹೆಚ್ಚು ಮುಳುಗುವಂತೆ ನಿಲ್ಲಿಸಬೇಕು. ಬಕೆಟ್‌ನ ಒಳಗಿನ ನೀರಿನ ಮಟ್ಟಕ್ಕೆ ಒಂದು ಗುರುತು, ಹೊಂಡದ ನೀರಿನ ಮಟ್ಟಕ್ಕೆ ನೆಟ್ಟ ಗೂಟದ ಮೇಲೆ ಇನ್ನೊಂದು ಗುರುತು. ಮಳೆಯಿಲ್ಲದ, ಪಂಪ್ ನಡೆಸದ ಮೂರು ದಿನ ಬಿಟ್ಟು ಎರಡನ್ನೂ ಅಳೆಯಬೇಕು. ಬಕೆಟ್‌ನಲ್ಲಿ ಇಳಿದದ್ದು ಆವಿ. ಹೊಂಡದಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದು ಸೋರಿಕೆ.

ಒಂದು ಲೆಕ್ಕ ನೋಡಬಹುದು. ಮೇಲ್ಮೈ 21 ಮೀಟರ್‌ಗೆ 21 ಮೀಟರ್ ಇರುವ ಹೊಂಡದಲ್ಲಿ ಮೂರು ದಿನಕ್ಕೆ ಬಕೆಟ್ 1.8 ಸೆಂ.ಮೀ., ಹೊಂಡ 7.8 ಸೆಂ.ಮೀ. ಇಳಿದಿದೆ ಎಂದುಕೊಂಡರೆ ಸೋರಿಕೆ 6 ಸೆಂ.ಮೀ., ದಿನಕ್ಕೆ 2 ಸೆಂ.ಮೀ. ಆಯಿತು. ಮೇಲ್ಮೈ 441 ಚದರ ಮೀಟರ್. ಆದ್ದರಿಂದ ದಿನವೊಂದಕ್ಕೆ ಸುಮಾರು 8,800 ಲೀಟರ್ ನೀರು ತಳಕ್ಕೆ ಹೋಗುತ್ತಿದೆ, ಆವಿಯಾಗುತ್ತಿರುವುದು 2,600 ಲೀಟರ್. ಇಂಥ ಹೊಂಡಕ್ಕೆ ತಳದ ಕೆಲಸ ಅವಶ್ಯ. ಸೋರಿಕೆ ದಿನಕ್ಕೆ 2-3 ಮಿ.ಮೀ. ಮಾತ್ರ ಇದ್ದರೆ ಆ ಹಣವನ್ನು ಗಾಳಿ ಬರುವ ದಿಕ್ಕಿನಲ್ಲಿ ಗಿಡಗಳ ಸಾಲು ಬೆಳೆಸಲು ಬಳಸುವುದೇ ಮೇಲು. ಎರೆಭೂಮಿಯ ಎಷ್ಟೋ ಹೊಂಡಗಳು ಈ ಎರಡನೆಯ ವರ್ಗಕ್ಕೆ ಸೇರುತ್ತವೆ. ಒಂದೆರಡು ಮಳೆಗಾಲದ ಹೂಳು ಕುಳಿತ ಮೇಲೆ ಅವು ತಾವಾಗಿಯೇ ಬಿಗಿಯಾಗುತ್ತವೆ.

ಪಾಲಿಥೀನ್ ಹಾಳೆಯ ಗುಣದೋಷ

ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಮಳೆಯಾಶ್ರಿತ ರೈತರಲ್ಲಿ ಕೃಷಿ ಹೊಂಡದ ಕಲ್ಪನೆಯನ್ನು ಬೇರೂರಿಸಿತು. ಜೊತೆಯಲ್ಲಿಯೇ ಪಾಲಿಥೀನ್ ಹೊದಿಕೆಯೂ ಪರಿಚಿತವಾಯಿತು. ಹಾಳೆಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಕಪ್ಪತಗುಡ್ಡದ ಬುಡದ ಮಸಾರಿ ಭೂಮಿಯಲ್ಲಿ, ಜೇಡಿ ಸಿಗದ ಗರಸು ನೆಲದಲ್ಲಿ ಅದು ಮೊದಲ ದಿನದಿಂದಲೇ ನೀರು ನಿಲ್ಲಿಸುತ್ತದೆ. ಕಡಿದಾದ ಗೋಡೆಗೂ ಹೊಂದಿಕೊಳ್ಳುವುದರಿಂದ ಕಡಿಮೆ ಜಾಗದಲ್ಲಿ ಹೆಚ್ಚು ನೀರು ಹಿಡಿಯಬಹುದು.

ದೋಷಗಳು ಆಮೇಲೆ ಕಾಣುತ್ತವೆ. ನೀರಿನ ಮಟ್ಟ ಇಳಿದಂತೆ ಬಿಸಿಲಿಗೆ ತೆರೆದುಕೊಳ್ಳುವ ಮೇಲಂಚು ಮೊದಲು ಗಡುಸಾಗಿ ಬಿರಿಯುತ್ತದೆ. ದನದ ಗೊರಸು, ಹೆಗ್ಗಣದ ಹಲ್ಲು, ಹೂಳೆತ್ತುವ ಸಲಿಕೆ ಇವುಗಳಿಗೆ ಸಿಕ್ಕ ಹಾಳೆಗೆ ತೇಪೆ ಹಚ್ಚಿ ಉಳಿಸಿಕೊಳ್ಳುವುದು ಕಷ್ಟ. 21 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡಕ್ಕೆ ಅಂಚುಗಳೂ ಸೇರಿ ಸುಮಾರು 600 ಚದರ ಮೀಟರ್ ಹಾಳೆ ಬೇಕು. 500 ಮೈಕ್ರಾನ್ ದಪ್ಪದ ಅಷ್ಟು ಹಾಳೆಯ ತೂಕ ಸುಮಾರು 280 ಕಿಲೋ. ಊರಿನಲ್ಲಿ ಇಂಥ ಹತ್ತು ಹೊಂಡಗಳಿದ್ದರೆ ಕೆಲವು ವರ್ಷಗಳ ನಂತರ ಸುಮಾರು ಎರಡೂಮುಕ್ಕಾಲು ಟನ್ ಹರಕು ಪ್ಲಾಸ್ಟಿಕ್ ಹೊಲಗಳಲ್ಲಿ ಬಿದ್ದಿರುತ್ತದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮೀಣ ಪ್ರದೇಶದಲ್ಲಿ ಅದರ ಸಂಗ್ರಹಣೆ, ಸಾಗಣೆಗಳನ್ನೂ ಬಯಲಿನಲ್ಲಿ ಸುಡದಂತೆ ನೋಡಿಕೊಳ್ಳುವುದನ್ನೂ ಗ್ರಾಮ ಪಂಚಾಯತಿಗೇ ವಹಿಸಿವೆ. ಹಾಳೆಗೆ ಒಪ್ಪಿಗೆ ಕೊಡುವ ಸಭೆ ಅದರ ಕೊನೆಯ ದಿನದ ಹೊಣೆಯನ್ನೂ ಆಗಲೇ ಹೊತ್ತುಕೊಂಡಿರುತ್ತದೆ.

ಜೇಡಿಯ ಹಾಸು

ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗಕ್ಕೆ ಅತ್ಯಂತ ಹೊಂದುವ ಸಾಮಗ್ರಿ ಕಾಲಡಿಯಲ್ಲಿಯೇ ಇದೆ. ಎರೆಮಣ್ಣಿನ ಜೇಡಿ ನೀರು ತಾಗಿದೊಡನೆ ಉಬ್ಬುವ ಜಾತಿಯದು. ಪೇಟೆಯಲ್ಲಿ ಚೀಲಗಟ್ಟಿ ಮಾರುವ ಬೆಂಟೊನೈಟ್ ಪುಡಿಯೂ ಅದೇ ಕುಲಕ್ಕೆ ಸೇರಿದ ಜೇಡಿಯೇ. ಕಚ್ಛ್ ಮತ್ತು ಬಾಡ್ಮೇರ್ ಕಡೆಯ ಗಣಿಗಳಿಂದ ಬರುತ್ತದೆ ಎಂಬುದಷ್ಟೇ ವ್ಯತ್ಯಾಸದ ದೊಡ್ಡ ಭಾಗ. ಉಬ್ಬಿದ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಆದರೆ ಅದೇ ಗುಣಕ್ಕೆ ಇನ್ನೊಂದು ಮುಖವಿದೆ: ಒಣಗಿದಾಗ ಕುಗ್ಗಿ, ಬೇಸಿಗೆಯ ಎರೆಹೊಲದಂತೆ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಎರೆಮಣ್ಣಿನ ಹಾಸಿನ ಯಶಸ್ಸೆಲ್ಲ ಈ ಬಿರುಕನ್ನು ತಡೆಯುವುದರಲ್ಲಿದೆ.

ಮಣ್ಣು ಯೋಗ್ಯವೋ ಅಲ್ಲವೋ ಎಂಬುದನ್ನು ಕೈಯಲ್ಲಿಯೇ ತಿಳಿಯಬಹುದು. ಕಲ್ಲು, ಬೇರು ಆರಿಸಿದ ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಂತೆ ಹೊರತಳ್ಳಬೇಕು. ತುಂಡಾಗದೆ 5 ಸೆಂ.ಮೀ. ಅಥವಾ ಹೆಚ್ಚು ಬಂದರೆ ಜೇಡಿ ಸಾಕಷ್ಟಿದೆ. ಇನ್ನೂ ಖಚಿತವಾಗಬೇಕಾದರೆ ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಉಳಿದುದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ನಿಮಿಷದೊಳಗೆ, ನುಣುಪು ಹೂಳು ಒಂದೆರಡು ತಾಸಿನಲ್ಲಿ, ಜೇಡಿ ಒಂದು ದಿನ ಅಥವಾ ಹೆಚ್ಚು ಕಾಲದಲ್ಲಿ ಪದರ ಪದರವಾಗಿ ಕೂಡುತ್ತವೆ. ಜೇಡಿಯ ಪದರ ಒಟ್ಟಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಆ ಮಣ್ಣೊಂದನ್ನೇ ನಂಬಬಾರದು.

ಶುದ್ಧ ಎರೆಮಣ್ಣನ್ನು ಹಾಗೆಯೇ ಹಾಸುವುದು ಸಾಮಾನ್ಯವಾದ ತಪ್ಪು. ಅದಕ್ಕೆ ಗರಸು ಬೆರೆಯಬೇಕು. ಎರಡು ಪಾಲು ಎರೆಮಣ್ಣಿಗೆ ಒಂದು ಪಾಲು ಮರಳು ಮಿಶ್ರಿತ ಗರಸು ಎಂಬಲ್ಲಿಂದ ಪ್ರಯೋಗ ಆರಂಭಿಸಬಹುದು. ಮಿಶ್ರಣದಿಂದ ರೊಟ್ಟಿಯಷ್ಟು ಅಗಲದ, ಎರಡು ಬೆರಳು ದಪ್ಪದ ಬಿಲ್ಲೆಗಳನ್ನು ತಟ್ಟಿ ನೆರಳಿನಲ್ಲಿ ಒಣಗಿಸಿ ನೋಡಬೇಕು. ಸೀಳು ಬಿಟ್ಟರೆ ಗರಸು ಹೆಚ್ಚಿಸಬೇಕು, ಮುಟ್ಟಿದರೆ ಪುಡಿಯಾದರೆ ಎರೆ ಹೆಚ್ಚಿಸಬೇಕು. ಪ್ರತಿ ಊರಿನ ಎರೆಯೂ ಗರಸೂ ಬೇರೆಯಾದ್ದರಿಂದ ಬೇರೆ ಊರಿನ ಪ್ರಮಾಣವನ್ನು ಕಾಗದದಲ್ಲಿ ನಕಲು ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಹಾಸುವ ಕ್ರಮದಲ್ಲಿ ಅವಸರ ಸಲ್ಲದು. ಹೊಂಡದ ಒಡಲಿನ ಹುಲ್ಲು, ಬೇರು, ಕಲ್ಲುಗಳನ್ನು ತೆಗೆದು, ಬಿರುಕು ಮತ್ತು ಇಲಿಬಿಲಗಳನ್ನು ಅಗೆದು ತುಂಬಿ, ಮೇಲ್ಮೈಯನ್ನು ಕೆದಕಿ ತೇವಗೊಳಿಸಬೇಕು. ಮಿಶ್ರಣವನ್ನು 15 ಸೆಂ.ಮೀ.ಗಿಂತ ದಪ್ಪವಲ್ಲದ ಪದರವಾಗಿ ಹರಡಿ ದಮ್ಮಸು ಮಾಡಬೇಕು. ಆ ಪದರವನ್ನು ಕೆದಕಿ ಅದರ ಮೇಲೆ ಇನ್ನೊಂದು. ದಮ್ಮಸಾದ ಮೇಲೆ ಒಟ್ಟು ದಪ್ಪ 30 ಸೆಂ.ಮೀ.ಗೆ ಕಡಿಮೆಯಾಗಬಾರದು, 3 ಮೀಟರ್‌ವರೆಗಿನ ನೀರಿನ ಆಳಕ್ಕೆ ಇದು ಕನಿಷ್ಠ. ತೇವ ಹದವಾಗಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ನೀರು ಒಸರಬಾರದು. ಒಣಮಣ್ಣಿನ ಮೇಲೆ ಎಷ್ಟು ಸಲ ರೋಲರ್ ಓಡಿಸಿದರೂ ಹೆಂಟೆಗಳ ನಡುವಿನ ಸಂದು ಉಳಿದೇ ಉಳಿಯುತ್ತದೆ. ಚಿಕ್ಕ ಹೊಂಡಕ್ಕೆ ಕೈದಮ್ಮಸು ಸಾಕು. ದನಗಳನ್ನು ಅಥವಾ ಕುರಿಹಿಂಡನ್ನು ಕೆಸರಿನಲ್ಲಿ ಸುತ್ತಾಡಿಸಿ ತುಳಿಸುವುದೂ ಒಳ್ಳೆಯ ವಿಧಾನವೇ, ಕುರಿಯ ಚಿಕ್ಕ ಗೊರಸು ಜೇಡಿಯನ್ನು ಆಳಕ್ಕೆ ಒತ್ತುತ್ತದೆ.

ಕೊನೆಯಲ್ಲಿ ಜೇಡಿಯ ಮೇಲೆ 15 ಸೆಂ.ಮೀ. ಗರಸಿನ ಹೊದಿಕೆ ಬೇಕು. ಅದು ಬಿಸಿಲಿನಿಂದಲೂ ಗೊರಸಿನಿಂದಲೂ ಜೇಡಿಯನ್ನು ಕಾಯುತ್ತದೆ. ನೀರು ಒಳಬರುವ ಬಾಯಿಗೆ ಕಲ್ಲುಹಾಸು ಮತ್ತು ಹೂಳು ತಡೆಯುವ ಗುಂಡಿ ಇಲ್ಲದಿದ್ದರೆ ಮೊದಲ ದೊಡ್ಡ ಮಳೆಯೇ ಹಾಸನ್ನು ಕೊರೆದುಹಾಕುತ್ತದೆ. ಸಾಧ್ಯವಾದಷ್ಟು ವರ್ಷವಿಡೀ ತಳದಲ್ಲಿ ಒಂದಡಿ ನೀರು ಉಳಿಸಿಕೊಳ್ಳಬೇಕು.

ಖರ್ಚಿನ ಲೆಕ್ಕಕ್ಕೆ ಬಂದರೆ ಜೇಡಿಯ ಹಾಸಿಗೂ ಬೆಲೆಯಿದೆ. ಕಡಿದಾದ ಗೋಡೆಯ ಮೇಲೆ ಜೇಡಿ ನಿಲ್ಲದು. ಒಂದು ಮೀಟರ್ ಇಳಿಯಲು ಎರಡು ಮೀಟರ್ ಮುಂದೆ ಹೋಗುವಷ್ಟು ಸಾವಕಾಶದ ಇಳಿಜಾರು ಬೇಕು. ಅದೇ 21 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡ ಹಾಳೆಯೊಡನೆ, ಒಂದಕ್ಕೊಂದರ ಇಳಿಜಾರಿನಲ್ಲಿ, ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಎರಡಕ್ಕೊಂದರ ಇಳಿಜಾರಿನಲ್ಲಿ 7.1 ಲಕ್ಷ ಲೀಟರ್ ಮಾತ್ರ. ಈ ಕೊರತೆಯನ್ನು ಮುಚ್ಚಿಟ್ಟು ರೈತನಿಗೆ ಜೇಡಿಯ ಹಾಸನ್ನು ಶಿಫಾರಸು ಮಾಡುವುದು ಸರಿಯಲ್ಲ. ಒಡಲಿನ ವಿಸ್ತೀರ್ಣ ಸುಮಾರು 480 ಚದರ ಮೀಟರ್, 30 ಸೆಂ.ಮೀ. ದಪ್ಪಕ್ಕೆ 145 ಘನ ಮೀಟರ್ ದಮ್ಮಸಾದ ಮಣ್ಣು, ಸಡಿಲ ಲೆಕ್ಕದಲ್ಲಿ 190 ಘನ ಮೀಟರ್‌ನಷ್ಟು ಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗೆ 3 ಘನ ಮೀಟರ್ ಎಂದು ಹಿಡಿದರೆ ಅರವತ್ತಕ್ಕೂ ಹೆಚ್ಚು ಸಾಗಣೆ. ಎರೆಹೊಲದಲ್ಲಿ ತೋಡಿದ ಮಣ್ಣೇ ಇದಕ್ಕೆ ಒದಗುತ್ತದೆ, ಗರಸಷ್ಟೇ ಹೊರಗಿನಿಂದ ಬರಬೇಕು. ಮಸಾರಿ ಭೂಮಿಯಲ್ಲಿ ಎರೆಮಣ್ಣು ಐದಾರು ಕಿಲೋಮೀಟರ್ ದೂರದಿಂದ ಬರಬೇಕಾದರೆ ಲೆಕ್ಕವೇ ಬದಲಾಗುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಹಾಳೆಯ ಖರ್ಚು ಪೂರ್ತಿ ಸಾಮಗ್ರಿಯ ಖರ್ಚು. ಜೇಡಿಯ ಖರ್ಚಿನ ದೊಡ್ಡ ಪಾಲು ಊರಿನ ಕೂಲಿಕಾರರ ಕೈಸೇರುತ್ತದೆ.

ಇತರ ವಿಧಾನಗಳು

ಸಗಣಿ ಮತ್ತು ಹಸಿರೆಲೆಗಳಿಂದ ತಳ ಬಿಗಿಗೊಳಿಸುವ ಒಂದು ವಿಧಾನವಿದೆ. ಸಗಣಿಯನ್ನು ದಪ್ಪವಾಗಿ ಬಳಿದು, ಮೇಲೆ ಎಲೆ, ಹುಲ್ಲು ಹಾಸಿ, ಮಣ್ಣಿನಿಂದ ಮುಚ್ಚಿ ದಮ್ಮಸು ಮಾಡಿ ಎರಡು ಮೂರು ವಾರ ಬಿಡಲಾಗುತ್ತದೆ. ಗಾಳಿಯಾಡದೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಸ್ರವಿಸುವ ಲೋಳೆ ಮಣ್ಣಿನ ರಂಧ್ರಗಳನ್ನು ಕಟ್ಟುತ್ತದೆ. ಶಾಲಾ ಕೈತೋಟದ ಚಿಕ್ಕ ಕೊಳಕ್ಕೆ ಇದು ಅಗ್ಗ, ಮಕ್ಕಳಿಗೆ ಪಾಠವೂ ಆಗುತ್ತದೆ. ಮೊದಲ ನೀರಿಗೆ ವಾಸನೆ, ಬಣ್ಣಗಳಿರುವುದರಿಂದ ಮೀನು ಬಿಡಲು ಅವಸರಿಸಬಾರದು. ಕುಡಿಯುವ ನೀರಿನ ಹೊಂಡಕ್ಕಂತೂ ಬೇಡ.

ಬೆಂಟೊನೈಟ್ ಪುಡಿ ಮಸಾರಿ ಭೂಮಿಗೆ ಉಪಯುಕ್ತ. ಮಣ್ಣಿನ ಸಡಿಲತೆಗೆ ತಕ್ಕಂತೆ ಚದರ ಮೀಟರಿಗೆ 5ರಿಂದ 15 ಕಿಲೋ ಬೇಕಾಗುತ್ತದೆ. ಸೋಡಿಯಂ ಜಾತಿಯದೇ ಆಗಬೇಕು, ಕ್ಯಾಲ್ಸಿಯಂ ಜಾತಿಯದು ಅಷ್ಟು ಉಬ್ಬುವುದಿಲ್ಲ. ಖರೀದಿಸುವಾಗ ಕೇಳಿ ತಿಳಿಯಬೇಕು. ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಉಬ್ಬುವಿಕೆ ಕಣ್ಣಿಗೇ ಕಾಣುತ್ತದೆ.

ಆರರಿಂದ ಎಂಟು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಬೆರೆಸಿ ಸುಮಾರು 5 ಸೆಂ.ಮೀ. ದಪ್ಪ ಬಳಿಯುವ ಕ್ರಮವೂ ಒಣಬೇಸಾಯ ಪ್ರದೇಶಗಳಲ್ಲಿ ಬಳಕೆಯಲ್ಲಿದೆ. ಪೂರ್ತಿ ಕಾಂಕ್ರೀಟಿಗಿಂತ ಇದರಲ್ಲಿ ಸಿಮೆಂಟ್ ಬಹಳ ಕಡಿಮೆ, ಕಡಿದಾದ ಗೋಡೆಗೂ ನಿಲ್ಲುತ್ತದೆ. ಆದರೆ ಉಬ್ಬಿ ಕುಗ್ಗುವ ಎರೆಯ ಮೇಲೆ ನೇರವಾಗಿ ಬಳಿದರೆ ಸೀಳುತ್ತದೆ, ನಡುವೆ ಗರಸಿನ ಪದರ ಬೇಕು. ಮೀನು ಸಾಕುವವರು ಮೊದಲ ಒಂದೆರಡು ಸಲದ ನೀರನ್ನು ಹೊರಹಾಕಿದ ಮೇಲೆಯೇ ಮರಿ ಬಿಡಬೇಕು, ಹೊಸ ಸಿಮೆಂಟ್ ನೀರಿನ ಕ್ಷಾರವನ್ನು ಏರಿಸುತ್ತದೆ.

ಈ ಸೀಮೆಯ ಮಾಳಿಗೆ ಮನೆಗಳ ಮೇಲೆ ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ಹರಡುವ ರೂಢಿಯನ್ನು ಹಿರಿಯರು ಬಲ್ಲರು. ಸವಳಿನಲ್ಲಿರುವ ಸೋಡಿಯಂ ಜೇಡಿಯನ್ನು ಬಿಡಿ ಬಿಡಿ ಕಣವಾಗಿಸಿ ರಂಧ್ರಗಳನ್ನು ಮುಚ್ಚಿಸುತ್ತದೆ; ಮಾಳಿಗೆ ಸೋರದಿರಲು ಅದೇ ಕಾರಣ. ಹೊಂಡದ ತಳಕ್ಕೆ ಸೋಡಾ ಪುಡಿ ಬೆರೆಸುವ ವಿಧಾನವೂ ಇದೇ ತತ್ತ್ವದ್ದು. ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಹೊಂಡದ ನೀರು ಹೊಲಕ್ಕೆ ಹರಿಯಬೇಕಾದದ್ದು, ಎರೆಭೂಮಿ ಸವಳಾಗುವ ಭಯ ಮೊದಲೇ ಇರುವಲ್ಲಿ ಸೋಡಾ ಸೇರಿಸುವುದು ವಿವೇಕವಲ್ಲ. ಸುಣ್ಣ ಇದಕ್ಕೆ ವಿರುದ್ಧ ಗುಣದ್ದು. ಅದು ಜೇಡಿಯ ಕಣಗಳನ್ನು ಹರಳುಗಟ್ಟಿಸಿ ಎಷ್ಟೋ ವೇಳೆ ಸೋರಿಕೆಯನ್ನು ಹೆಚ್ಚಿಸುತ್ತದೆ. ಗೋಡೆಗೆ ಒಳ್ಳೆಯದಾದ್ದರಿಂದ ಹೊಂಡಕ್ಕೂ ಒಳ್ಳೆಯದೆಂದು ಸುಣ್ಣ ಸುರಿಯಬಾರದು. ಡಾಂಬರು, ಬಳಸಿದ ಎಂಜಿನ್ ಎಣ್ಣೆಗಳನ್ನು ಬಳಿಯುವ ಸಲಹೆ ಬಂದರೆ ಸಭೆ ತಳ್ಳಿಹಾಕಬೇಕು.

ಕೆರೆಯ ಹೂಳು ಮತ್ತು ಮಾಗಡಿ ಕೆರೆ

ಜೇಡಿಗಾಗಿ ಕೆರೆಯ ಹೂಳಿನತ್ತ ಕಣ್ಣು ಹೋಗುವುದು ಸಹಜ, ಹೂಳು ಒಳ್ಳೆಯ ಸಾಮಗ್ರಿಯೂ ಹೌದು. ಆದರೆ ಹಳೆಯ ಕೆರೆಯ ತಳದಲ್ಲಿ ತಲೆಮಾರುಗಳಿಂದ ಕುಳಿತ ನುಣುಪಾದ ಜೇಡಿಯ ಪದರವೇ ಆ ಕೆರೆಯ ನೀರನ್ನು ಬೇಸಿಗೆಯವರೆಗೆ ಹಿಡಿದಿಡುತ್ತದೆ. ಯಂತ್ರದ ಬಕೆಟ್ ಅದನ್ನು ದಾಟಿ ಗರಸಿಗೆ ಮುಟ್ಟಿದರೆ ಹೂಳೆತ್ತಿದ ಮರುವರ್ಷವೇ ಕೆರೆ ಬೇಗ ಬತ್ತುತ್ತದೆ. ಹೂಳೆತ್ತುವ ಆಳವನ್ನು ನಾಲ್ಕಾರು ಕಡೆ ಗುಂಡಿ ತೋಡಿ ನೋಡಿಯೇ ನಿಗದಿಪಡಿಸಬೇಕು. ಏರಿಯ ಬುಡದ ಮಣ್ಣನ್ನು ಮುಟ್ಟಲೇಬಾರದು.

ಮಾಗಡಿ ಕೆರೆಗೆ ಇಷ್ಟರ ಮೇಲೆ ಕಾನೂನಿನ ರಕ್ಷಣೆಯೂ ಇದೆ. ಅದು ಸಂರಕ್ಷಣಾ ಮೀಸಲು.  ಅಲ್ಲಿಂದ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಬುಟ್ಟಿ ಹೂಳನ್ನೂ ಸಾಗಿಸಲಾಗದು, ಹೆಬ್ಬಾತುಗಳಿರುವ ತಿಂಗಳುಗಳಲ್ಲಿ ಯಂತ್ರ ಇಳಿಸುವ ಮಾತೇ ಇಲ್ಲ. ಇದರಿಂದ ಪಂಚಾಯತಿಯ ಕೈ ಕಟ್ಟಿದಂತಾಯಿತು ಎಂದು ತಿಳಿಯಬೇಕಿಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 36ಬಿ ಕಲಮಿನ ಪ್ರಕಾರ ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ಪ್ರತಿನಿಧಿಯ ಸ್ಥಾನವಿದೆ. ಕೆರೆಗೆ ಬರುವ ಹಳ್ಳಗಳ ಹೂಳು ತಡೆ, ಸುತ್ತಲಿನ ಹೊಂಡಗಳ ಹರಕು ಪ್ಲಾಸ್ಟಿಕ್ ಸಂಗ್ರಹಣೆ ಇವನ್ನು ಅಲ್ಲಿ ಎತ್ತಲು ಆ ಸದಸ್ಯರಿಗೆ ಪೂರ್ಣ ಅಧಿಕಾರವಿದೆ.

ಜೀವರಕ್ಷಣೆ

ಹಾಳೆ ಹಾಸಿದ ಕಡಿದಾದ ಗೋಡೆ ಒದ್ದೆಯಾದಾಗ ಹಿಡಿತಕ್ಕೆ ಸಿಗುವುದಿಲ್ಲ. ಈಜು ಬಲ್ಲವರೂ ಹತ್ತಲಾರರು; ಕೃಷಿ ಹೊಂಡಕ್ಕೆ ಮಕ್ಕಳು ಬಿದ್ದು ಮೃತಪಟ್ಟ ಸುದ್ದಿಗಳು ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಇದು ಮುಖ್ಯ ಕಾರಣ. ನೀರು ಹುಡುಕಿ ಬರುವ ಚಿಗರಿ, ನರಿಗಳಿಗೂ ಅದೇ ಗತಿ. ಆದ್ದರಿಂದ ಹಾಳೆಯ ಹೊಂಡಕ್ಕೆ ತಂತಿಬೇಲಿಯ ಜೊತೆಗೆ ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಬೇಕು, ಹಳೆಯ ಟಯರನ್ನೂ ಕಟ್ಟಿಡಬಹುದು. ಸಾವಕಾಶದ ಇಳಿಜಾರಿನ ಜೇಡಿಯ ಹೊಂಡದಿಂದ ಮಗುವೂ ಕರುವೂ ತಾವಾಗಿ ಹೊರಬರುವ ಸಾಧ್ಯತೆ ಬಹಳ ಹೆಚ್ಚು. ಮೇಲೆ ಹೇಳಿದ 2.7 ಲಕ್ಷ ಲೀಟರ್ ಕೊರತೆಯನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದನ್ನೂ ಇಡಬೇಕು. ಬೇಲಿ ಮಾತ್ರ ಎರಡಕ್ಕೂ ಬೇಕು.

ಜೇಡಿಯ ಹೊಂಡದ ದಂಡೆಗೆ ಕರಿಕೆ, ಲಾವಂಚ ಸೂಕ್ತ. ಬೇವು, ಹೊಂಗೆಯಂಥ ಮರಗಳನ್ನು ಹತ್ತಿರ ನೆಟ್ಟರೆ ಬೇರುಗಳು ಹಾಸನ್ನು ತೂತು ಮಾಡುತ್ತವೆ. ಗಾಳಿ ತಡೆಯುವ ಸಾಲನ್ನು ಸಾಕಷ್ಟು ದೂರದಲ್ಲಿ ಹಾಕಬೇಕು. ಏಡಿ, ಹೆಗ್ಗಣಗಳ ಬಿಲಗಳನ್ನು ಪ್ರತಿವರ್ಷ ಮೇ ತಿಂಗಳಲ್ಲಿ ನೋಡಿ, ಅಗೆದು, ಹದವಾದ ಜೇಡಿ ಜಡಿದು ಮುಚ್ಚಬೇಕು. ಮುಂಗಾರಿನ ಮೊದಲ ತುಂಬುವಿಕೆಯ ನಂತರ ಬಕೆಟ್ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ, ದಿನಾಂಕ ಮತ್ತು ಸೆಂ.ಮೀ. ಲೆಕ್ಕಗಳನ್ನು ಕಾಮಗಾರಿ ಕಡತದಲ್ಲಿ ದಾಖಲಿಸಿದರೆ, ಮುಂದಿನ ವರ್ಷ ಅದೇ ಊರಿನ ಇನ್ನೊಂದು ಹೊಂಡಕ್ಕೆ ಅಂದಾಜು ಪಟ್ಟಿ ಬರೆಯುವವರಿಗೆ ಆ ಊರಿನ ಮಣ್ಣಿನದೇ ಅಂಕಿ ದೊರೆಯುತ್ತದೆ.